ಚಂಪಾಳ ಕಿವಿ

ಕಿವಿಯೊಳಗೆ ಯಾರೋ ಸುಣ್ಣ ಬಳಿದ ಹಾಗಿತ್ತು. ಎಡಗಿವಿಯಲ್ಲಿ ಎಂಟಾಣೆ ಬಿಲ್ಲೆಯಷ್ಟು ಅಗಲದ ಒಂದು ಮಚ್ಚೆ, ಅದರ ಕೆಳಗೆ ಹುರುಳಿಕಾಳಿನಷ್ಟು ಎರಡು. ಬಲಗಿವಿಯಲ್ಲಿ ಒಂದೇ, ಆದರೆ ಉದ್ದಕ್ಕೆ. ಚಂಪಾ ನಮ್ಮ ಮನೆಗೆ ಬಂದು ಮೂರು ದಿನ ಆಗಿತ್ತು. ಬೆಳಗಿನ ಎಳೆಬಿಸಿಲು ಎದುರಿನಿಂದ ಬಿದ್ದಾಗ ಇದು ಕಣ್ಣಿಗೆ ಬಿತ್ತು. ಎದೆ ಧಸಕ್ಕೆಂದಿತು. ಅಷ್ಟು ನಂಬಿಕೆಯಿಂದ ಕೊಟ್ಟ ಕುದುರೆ. ಬಂದ ವಾರದಲ್ಲೇ ಕಾಯಿಲೆ ಬಂತು ಅಂದರೆ ಚಾಚಾಗೆ ಏನು ಹೇಳಲಿ?

ಚಾಚಾ ಮೈಸೂರಿನಲ್ಲಿ ಟಾಂಗಾ ಓಡಿಸುತ್ತಿದ್ದವರು. ನಮ್ಮ ಮಾವ ದೇವರಾಜ ಮಾರುಕಟ್ಟೆಗೆ ವೀಳ್ಯದೆಲೆ ಹಾಕುತ್ತಿದ್ದ ಕಾಲದಿಂದ ಪರಿಚಯ. ಮಂಡಿ ಸೋತು ಗಾಡಿ ಹತ್ತೋಕೆ ಆಗದೆ ಹೋದಾಗ ಅವರಿಗೆ ಕುದುರೆಯನ್ನು ದಲ್ಲಾಳಿ ಕೈಗೆ ಕೊಡಲು ಮನಸ್ಸು ಬರಲಿಲ್ಲ. ನಮ್ಮದು ಪಾಂಡವಪುರದ ಕಡೆ ಒಂದು ಹಳ್ಳಿ. ಗದ್ದೆ ಇದೆ, ಹುಲ್ಲಿದೆ, ಕೊಟ್ಟಿಗೆಯಲ್ಲಿ ಜಾಗ ಇದೆ. ಹದಿನಾಲ್ಕು ವರ್ಷದ ಕಂದು ಮೈಯ ಹೆಣ್ಣು ಕುದುರೆ ಟೆಂಪೋದಲ್ಲಿ ನಮ್ಮ ಮನೆ ಮುಂದೆ ಇಳಿಯಿತು. ಟೆಂಪೋ ಹತ್ತಿಸುವಾಗ ಚಾಚಾ ಹೇಳಿದ್ದು ಎರಡೇ ಮಾತು. ಹುರುಳಿಯನ್ನು ಚೆನ್ನಾಗಿ ಬೇಯಿಸಿ ಕೊಡಿ ಅನ್ನೋದು ಒಂದು. ಇನ್ನೊಂದು, "ಕಿವಿಗೆ ಮಾತ್ರ ಬೇಗ ಕೈ ಹಾಕಬೇಡಿ ಅಮ್ಮಾ. ಎಳೆ ವಯಸ್ಸಲ್ಲಿ ಯಾರೋ ಕಿವಿ ತಿರುಚಿಬಿಟ್ಟಿದಾರೆ. ಇನ್ನೂ ಮರೆತಿಲ್ಲ."

ನಾನು ಹುರುಳಿ ಮಾತು ನೆನಪಿಟ್ಟುಕೊಂಡೆ.

ಹುಟ್ಟಿ ಬೆಳೆದಿದ್ದು ದನಗಳ ನಡುವೆ. ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಕೊಂಬಿನ ಗಾಯಕ್ಕೆ ಬಿದ್ದ ಹುಳ, ಎಲ್ಲಾ ನೋಡಿದ್ದೇನೆ. ದನದ ಕಿವಿ ಹಿಡಿದು ಎಣ್ಣೆ ಬಿಡೋದು ನಮಗೆ ದೊಡ್ಡ ವಿಷಯವಲ್ಲ. ಹಾಗಾಗಿ ಬಿಳಿ ಪೊರೆ ಕಂಡ ಕೂಡಲೇ ಇದು ಹುಳುಕಡ್ಡಿ ಅಂತ ನಾನೇ ತೀರ್ಮಾನ ಮಾಡಿದೆ. ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕರ್ಪೂರ ಕರಗಿಸಿದೆ. ಎರಡು ದಿನ ಅದನ್ನು ಹಚ್ಚಿದೆ. ಆಮೇಲೆ ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚಿದೆ. ಮೆಡಿಕಲ್ ಸ್ಟೋರಿನಿಂದ ಮನುಷ್ಯರ ಹುಳುಕಡ್ಡಿ ಮುಲಾಮನ್ನೂ ತರಿಸಿದೆ. ಹಚ್ಚುವ ಮೊದಲು ಉಗುರಿನಿಂದ ಮೆಲ್ಲಗೆ ಕೆರೆದೆ. ಹಳೇ ಗೋಡೆಯ ಸುಣ್ಣದ ಚಕ್ಕೆ ಬರುವ ಹಾಗೆ ಪುಡಿಪುಡಿಯಾಗಿ ಎದ್ದು ಬಂತು. ಕೆಳಗೆ ನುಣ್ಣನೆಯ ಗುಲಾಬಿ ಚರ್ಮ ಹೊಳೆಯಿತು. ವಾಸಿ ಆಗ್ತಾ ಇದೆ ಅಂತ ಖುಷಿಪಟ್ಟೆ.

ನಾಲ್ಕನೇ ದಿನ ಚಂಪಾ ತಲೆ ಕೊಡಲಿಲ್ಲ. ಕತ್ತು ಎತ್ತಿಬಿಟ್ಟಳು. ಕುದುರೆ ಕತ್ತು ಎತ್ತಿದರೆ ನನ್ನಂಥವಳ ಕೈಗೆ ಕಿವಿ ಎಟುಕೋದೇ ಇಲ್ಲ. ಗದ್ದೆ ಕೆಲಸಕ್ಕೆ ಬರುವ ಹುಡುಗನಿಗೆ "ಬಲಗಿವಿ ಬುಡದಲ್ಲಿ ಹಿಡಕೋ, ಒಂದು ಸುತ್ತು ತಿರುಗಿಸು, ಆಡಲ್ಲ" ಅಂದೆ. ಅವನು ಹಿಡಿದ. ಅವಳು ಕಲ್ಲಿನ ಹಾಗೆ ನಿಂತಳು. ನಾನು ಎಡಗಿವಿಗೆ ಎಣ್ಣೆ ಹಚ್ಚಿದೆ.

ಆ ಒಂದು ನಿಮಿಷವನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಅವಳ ಕಣ್ಣು ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ರೆಪ್ಪೆಯ ಮೇಲೆ ಚರ್ಮ ಮಡಿಕೆ ಮಡಿಕೆಯಾಗಿ ಮೇಲೆದ್ದಿತ್ತು. ಅಂಚಿನಲ್ಲಿ ಬಿಳಿ ಕಾಣುತ್ತಿತ್ತು. ಮೂಗಿನ ಹೊಳ್ಳೆ ಗಟ್ಟಿಯಾಗಿ ಅರಳಿತ್ತು, ಉಸಿರು ಮಾತ್ರ ಬರುತ್ತಿರಲಿಲ್ಲ. ಮೈ ಅಲುಗದೆ ನಿಂತಿದ್ದರೂ ಮುಂಗಾಲಿನ ಮೇಲಿನ ಮಾಂಸ ಸಣ್ಣಗೆ ನಡುಗುತ್ತಿತ್ತು. ಬಿಟ್ಟ ಮೇಲೆ ಕತ್ತಿನ ಬುಡದಲ್ಲಿ ಬೆವರು ಇಳಿಯಿತು. ಹುಡುಗ "ಸಾಧು ಪ್ರಾಣಿ ಅಕ್ಕಾ" ಅಂದ. ನಾನೂ ಹಾಗೇ ಅಂದುಕೊಂಡೆ.

ಮಾರನೇ ದಿನದಿಂದ ಅವಳ ಮುಖಕ್ಕೆ ಹಗ್ಗ ಹಾಕೋಕೆ ನಲವತ್ತು ನಿಮಿಷ ಬೇಕಾಯಿತು. ಹುರುಳಿ ಬಕೆಟ್ ಹಿಡಿದು ಹೋದರೂ ಲಾಯದ ಆ ಮೂಲೆಗೆ ಸರಿಯುತ್ತಿದ್ದಳು. ಅತ್ತೆ ಕೊಟ್ಟಿಗೆ ಬಾಗಿಲಲ್ಲಿ ನಿಂತು ನೋಡಿದರು. "ಅದ್ಯಾಕವ್ವಾ ಅದ್ರ ಪ್ರಾಣ ತಿಂದೀಯೆ? ಒಸಿ ಸುಮ್ನಿರು" ಅಂದರು. ಎಣ್ಣೆ ಬಟ್ಟಲು ಅವರೇ ಒಳಗೆ ತೆಗೆದುಕೊಂಡು ಹೋದರು.

ನಮ್ಮ ಪಶು ಆಸ್ಪತ್ರೆಯ ಡಾಕ್ಟರು ನೋಡೋದು ಜಾಸ್ತಿ ಹಸು, ಕುರಿ. ಕುದುರೆ ನಾನು ನೋಡಿದ್ದು ಕಡಿಮೆ ಅಂತ ನೇರವಾಗಿ ಹೇಳಿದರು. ಮೈಸೂರಿನಲ್ಲಿ ಕುದುರೆಗಳನ್ನೇ ನೋಡುವ ತಮ್ಮ ಪರಿಚಯದ ಡಾಕ್ಟರಮ್ಮನಿಗೆ ಫೋಟೋ ಕಳಿಸಿದರು. ಮುಂದಿನ ಭಾನುವಾರ ಆಕೆ ಬಂದರು. ಬಂದವರೇ ಕಿವಿ ಹಿಡಿಯಲಿಲ್ಲ. ಒಂದು ಮಾರು ದೂರದಲ್ಲಿ ನಿಂತು ಟಾರ್ಚ್ ಬೆಳಕು ಬಿಟ್ಟು ನೋಡಿದರು. ಚಂಪಾ ಹುಲ್ಲು ತಿನ್ನುವಾಗ ಮುಖ ಎರಡು ಕಡೆಯೂ ಸಮ ಇದೆಯಾ ಅಂತ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ "ಏನೇನು ಹಚ್ಚಿದ್ರಿ?" ಅಂದರು. ಎಲ್ಲಾ ಹೇಳಿದೆ. ತಿರುಚಿದ್ದನ್ನೂ ಹೇಳಿದೆ.

"ಇಲ್ಲಿಂದ ನಾಲೆ ಎಷ್ಟು ದೂರ?" ಅಂತ ಕೇಳಿದರು. ನನಗೆ ಅರ್ಥ ಆಗಲಿಲ್ಲ. ನಮ್ಮ ಹಿತ್ತಲು ದಾಟಿದರೆ ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ, ಒಂದು ಸೀಳು ಕಾಲುವೆ, ಮೂವತ್ತು ಹೆಜ್ಜೆ.

ಆಕೆ ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಈ ಮಚ್ಚೆಗೆ ಆರಲ್ ಪ್ಲಾಕ್ ಅನ್ನುತ್ತಾರೆ. ಹುಳುಕಡ್ಡಿಯೂ ಅಲ್ಲ, ಕೊಳೆಯೂ ಅಲ್ಲ. ಪ್ಯಾಪಿಲೋಮಾ ಅನ್ನುವ ವೈರಸ್ಸಿನಿಂದ ಬರುತ್ತದೆ, ಅಂದರೆ ನರಹುಲಿಯ ಜಾತಿಯದು. ಎಳೆ ಮರಿಗಳ ಮೂತಿಯ ಮೇಲೆ ಬರುವ ನರಹುಲಿ ಕೆಲವು ತಿಂಗಳಲ್ಲಿ ತಾನಾಗೇ ಉದುರಿಹೋಗುತ್ತದೆ. ಕಿವಿಯ ಈ ಮಚ್ಚೆ ಸಾಮಾನ್ಯವಾಗಿ ಹಾಗೆ ಹೋಗೋದಿಲ್ಲ. ಇದನ್ನು ಒಂದು ಕುದುರೆಯಿಂದ ಇನ್ನೊಂದಕ್ಕೆ ಹೊತ್ತು ತರುವುದು ಕಪ್ಪು ನೊಣ ಅಂತ ತಿಳಿದವರು ಹೇಳುತ್ತಾರೆ. ಎಳ್ಳುಕಾಳಿನಷ್ಟು ಗಾತ್ರ, ಗೂನು ಬೆನ್ನು. ನಾವು ಎಲ್ಲದಕ್ಕೂ ಸೇರಿಸಿ ನೊರಜು ಅಂತೀವಲ್ಲ, ಆ ಗುಂಪಿನಲ್ಲೇ ಇದೂ ಸೇರಿಹೋಗಿದೆ. ಸೊಳ್ಳೆ ನಿಂತ ನೀರಲ್ಲಿ ಹುಟ್ಟಿದರೆ ಇದು ಹುಟ್ಟುವುದು ಹರಿಯುವ ನೀರಲ್ಲಿ. ಹಗಲು ಕಚ್ಚುತ್ತದೆ, ಬೆಳಿಗ್ಗೆ ಮತ್ತು ಸಂಜೆಗೆ ಕಾಟ ಜಾಸ್ತಿ. ಕುದುರೆಯ ಕಿವಿಯ ಒಳಭಾಗದಲ್ಲಿ ಕೂದಲು ತೆಳು, ಚರ್ಮ ಮೆತ್ತಗೆ. ಅಲ್ಲೇ ಕೂತು ಚರ್ಮ ಕೊಯ್ದು ರಕ್ತ ನೆಕ್ಕುತ್ತದೆ. ಮಚ್ಚೆಯ ಪಕ್ಕದಲ್ಲಿ ಮೆಣಸಿನ ಪುಡಿಯಂಥ ಕಪ್ಪು ಚೂರುಗಳಿದ್ದವು. ನಾನು ಅದನ್ನು ಧೂಳು ಅಂದುಕೊಂಡಿದ್ದೆ. ಅದು ಒಣಗಿದ ರಕ್ತ.

"ಈ ಮಚ್ಚೆಯಿಂದ ಹೆಚ್ಚಿನ ಕುದುರೆಗಳಿಗೆ ನೋವೂ ಇಲ್ಲ, ತುರಿಕೆಯೂ ಇಲ್ಲ. ನೀವು ಕೆರೆದಿರೋ ಜಾಗ ನೋಯ್ತಾ ಇದೆ" ಅಂದರು. ಬೈದಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ನನಗೆ ಅಲ್ಲೇ ಕಣ್ಣು ತುಂಬಿತು.

ಔಷಧಿ ಇಲ್ಲವೇ ಅಂದೆ. ಇದೆ. ಇಮಿಕ್ವಿಮೋಡ್ ಅನ್ನುವ ಮುಲಾಮು, ಮನುಷ್ಯರ ಕೆಲವು ಬಗೆಯ ನರಹುಲಿಗೂ ಅದನ್ನೇ ಬಳಸುತ್ತಾರೆ. ವಾರಕ್ಕೆ ಮೂರು ಸಲ, ಒಂದು ವಾರ ಹಚ್ಚಿ ಒಂದು ವಾರ ಬಿಟ್ಟು, ಹೀಗೆ ತಿಂಗಳುಗಟ್ಟಲೆ. ಹಚ್ಚಿದ ಜಾಗ ಉರಿಯುತ್ತದೆ, ಕೆಂಪಾಗಿ ಸೋರುತ್ತದೆ, ಹಕ್ಕಳೆ ಕಟ್ಟುತ್ತದೆ. ಆ ಹಕ್ಕಳೆ ತೆಗೆದು ಮತ್ತೆ ಹಚ್ಚಬೇಕು. ಅದಕ್ಕೆ ಎಷ್ಟೋ ಕುದುರೆಗಳಿಗೆ ಮಂಪರಿನ ಇಂಜೆಕ್ಷನ್ ಕೊಡಬೇಕಾಗುತ್ತದೆ. ಮಚ್ಚೆಯಿಂದಲೇ ಕುದುರೆ ನರಳುತ್ತಿದ್ದರೆ ಅದೂ ಸರಿ. ನೋಡೋಕೆ ಚೆನ್ನಾಗಿಲ್ಲ ಅನ್ನೋ ಕಾರಣಕ್ಕೆ ಈ ಹಿಂಸೆ ಬೇಡ ಅಂದರು. ನನಗೂ ಹಾಗೇ ಅನ್ನಿಸುತ್ತದೆ. ಚಂಪಾ ಕನ್ನಡಿ ನೋಡೋದಿಲ್ಲ. ಬಿಳಿ ಬೇಡವಾಗಿದ್ದದ್ದು ನನ್ನ ಕಣ್ಣಿಗೆ.

ಅವತ್ತು ಮನೆಯಲ್ಲಿ ಮಾಡಬಾರದ ಚಿಕಿತ್ಸೆ ಯಾವುದು ಅಂತಲೂ ಕಲಿತೆ. ಕುದುರೆಯ ಕಿವಿಯ ನಾಳ ನೇರವಾಗಿಲ್ಲ. ಇಳಿದು ಒಳಗೆ ಬಾಗುತ್ತದೆ. ತಮಟೆ ಎಲ್ಲೋ ಆಳದಲ್ಲಿ. ಅದನ್ನು ನೋಡಬೇಕಾದರೆ ಮಂಪರು ಕೊಟ್ಟು ಸಣ್ಣ ಕ್ಯಾಮೆರಾ ಬಿಡಬೇಕು. ತಮಟೆ ಹರಿದಿದೆಯೋ ಇಲ್ಲವೋ ಗೊತ್ತಿಲ್ಲದೆ ಎಣ್ಣೆ ಸುರಿಯಬಾರದು. ಕಡ್ಡಿ, ಹತ್ತಿ, ಇಯರ್ ಬಡ್ ಏನೂ ಒಳಗೆ ಹಾಕಬಾರದು. ನಾನು ಹಚ್ಚಿದ ಎಣ್ಣೆ ಕಿವಿಯ ಹಾಳೆಯ ಮೇಲೇ ಉಳಿದಿತ್ತು, ಒಳಗೆ ಇಳಿದಿರಲಿಲ್ಲ. ಅದು ನಮ್ಮ ಪುಣ್ಯ. ಕಿವಿಯಿಂದ ಕೀವು, ಕೆಟ್ಟ ವಾಸನೆ, ತಲೆ ಒಂದು ಕಡೆ ವಾಲಿಸುವುದು, ಒಂದು ಕಿವಿ ಜೋಲುವುದು, ತುಟಿ ಒಂದು ಪಕ್ಕಕ್ಕೆ ಎಳೆಯುವುದು, ಮೇವು ಅಗಿಯೋಕೆ ಕಷ್ಟಪಡುವುದು, ಇದರಲ್ಲಿ ಒಂದು ಕಂಡರೂ ಅದೇ ದಿನ ಡಾಕ್ಟರಿಗೆ ಹೇಳಬೇಕು. ಮುಖದ ನರ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಅದಕ್ಕೇ ಆಕೆ ಮೊದಲು ಮುಖ ಸಮ ಇದೆಯಾ ಅಂತ ನೋಡಿದ್ದು.

ದನ, ಕುದುರೆ ಎರಡನ್ನೂ ಸಾಕುವವರು ತಿಳಿಯಬೇಕಾದ ಇನ್ನೊಂದು ವಿಷಯ ಇದೆ. ಸಾರ್ಕಾಯ್ಡ್ ಅಂತ ಕುದುರೆಗೆ ಬರುವ ಚರ್ಮದ ಗಂಟು. ದನಗಳ ನರಹುಲಿಯ ವೈರಸ್ಸೇ ಅದಕ್ಕೆ ಕಾರಣ. ಕಿವಿಯ ಸುತ್ತಮುತ್ತಲೂ ಬರುತ್ತದೆ. ಶುರುವಿನಲ್ಲಿ ಕೂದಲು ಉದುರಿದ ಬೂದು ಪಟ್ಟಿಯಂತೆ ಇರಬಹುದು. ಅದನ್ನು ಕೆರೆದರೆ, ಕುಯ್ದರೆ, ಕಂಡಕಂಡದ್ದನ್ನು ಹಚ್ಚಿದರೆ ಕೆರಳಿ ದೊಡ್ಡದಾಗುತ್ತದೆ. ದನದ ನರಹುಲಿಗೆ ಕುದುರೆ ಬಾಲದ ಕೂದಲು ಕಟ್ಟೋದು ನಮ್ಮಲ್ಲಿ ರೂಢಿ. ಆ ಅಭ್ಯಾಸದ ಕೈ ಇಲ್ಲಿಗೆ ಬರಬಾರದು.

ಉಣ್ಣೆಯನ್ನೂ ನೋಡಿದರು. ಕಿವಿಯೊಳಗೇ ತಿಂಗಳುಗಟ್ಟಲೆ ಕೂತು ರಕ್ತ ಹೀರುವ ಒಂದು ಜಾತಿಯ ಉಣ್ಣೆ ನಮ್ಮ ದೇಶದಲ್ಲೂ ಇದೆ. 1995ರಲ್ಲಿ ಅಮೆರಿಕದ ಪಶುವೈದ್ಯರು ಐದು ಕುದುರೆಗಳ ಬಗ್ಗೆ ಬರೆದಿದ್ದರಂತೆ. ಮೈಯ ಮಾಂಸ ಸೆಟೆದುಕೊಂಡು, ಹೊಟ್ಟೆನೋವು ಬಂದ ಹಾಗೆ ಒದ್ದಾಡುತ್ತಿದ್ದವು. ಹುಡುಕಿದರೆ ಕಿವಿಯಲ್ಲಿ ಉಣ್ಣೆ. ಅದಕ್ಕೆ ಮದ್ದು ಮಾಡಿದ ಮೇಲೆ ಸರಿಹೋದವು. ಚಂಪಾ ಕಿವಿಯಲ್ಲಿ ಉಣ್ಣೆ ಇರಲಿಲ್ಲ.

ಡಾಕ್ಟರಮ್ಮ ಹೋದ ಸಂಜೆ ನಾನು ಕಾಲುವೆಗೆ ಇಳಿದೆ. ತೂಬಿನ ಬಾಯಲ್ಲಿ ನೀರು ರಭಸವಾಗಿ ಧುಮುಕುವ ಕಡೆ ಹುಲ್ಲಿನ ಗರಿಯೊಂದು ನೀರೊಳಗೆ ಓಲಾಡುತ್ತಿತ್ತು. ಎತ್ತಿ ನೋಡಿದೆ. ಗರಿಯ ಉದ್ದಕ್ಕೂ ಬೂದು ಬಣ್ಣದ ಸಣ್ಣ ಹುಳಗಳು ಅಂಟಿಕೊಂಡಿದ್ದವು. ಬುಡ ದಪ್ಪ, ಮಧ್ಯ ಸಪೂರ, ಒಂದೊಂದೂ ಅಕ್ಕಿನುಚ್ಚಿನಷ್ಟು. ಅಂಗೈ ಮೇಲೆ ಇಟ್ಟರೆ ಡೊಂಕಾಗಿ ನೆಟ್ಟಗಾಗಿ ಹೊರಳಿದವು. ನೀರಿಗೆ ಬಿಟ್ಟಾಗ ಗರಿ ಹಿಡಿದವೆಲ್ಲ ಮತ್ತೆ ಹರಿವಿನ ಕಡೆಗೇ ಬಾಗಿದವು. ಮದುವೆಯಾಗಿ ಬಂದಾಗಿನಿಂದ ಅದೇ ತೂಬಿನಲ್ಲಿ ಬಟ್ಟೆ ಒಗೆದಿದ್ದೇನೆ. ಒಂದು ದಿನವೂ ನೋಡಿರಲಿಲ್ಲ. ನಾಲೆಗೆ ನೀರು ಬಿಟ್ಟ ಸ್ವಲ್ಪ ದಿನಕ್ಕೇ ದನಗಳು ಕಿವಿ ಕೊಡವೋಕೆ ಶುರು ಮಾಡುತ್ತವೆ, ಅದೇನೋ ಮಳೆಗಾಲದ ಕಾಟ ಅಂದುಕೊಂಡಿದ್ದೆವು. ಚಂಪಾ ನಮ್ಮಲ್ಲಿಗೆ ಬಂದದ್ದು ಆಷಾಢದಲ್ಲಿ, ಸರಿಯಾಗಿ ನೀರು ಬಿಟ್ಟ ಮೇಲೆ. ಮಚ್ಚೆ ಹಳೆಯದಿರಬಹುದು, ನೊಣ ಮಾತ್ರ ನಮ್ಮ ಕಾಲುವೆಯದು.

ಕಾಲುವೆ ಮುಚ್ಚೋಕೆ ಆಗುತ್ತದೆಯೇ? ಗದ್ದೆ ಬೆಳೆಯೋದು ಅದರಿಂದಲೇ. ಕುದುರೆಯನ್ನೇ ಮರೆಮಾಡಬೇಕು. ಕಪ್ಪು ನೊಣ ಕತ್ತಲ ಕೊಟ್ಟಿಗೆಯೊಳಗೆ ಬರೋದು ಕಡಿಮೆ. ಹಾಗಾಗಿ ಬೆಳಿಗ್ಗೆ, ಸಂಜೆ ಅವಳನ್ನು ಒಳಗೇ ಕಟ್ಟಿ ಮೇವು ಹಾಕುತ್ತೇವೆ. ಬಿಸಿಲೇರಿದ ಮೇಲೆ ಹೊರಗೆ ಬಿಡುತ್ತೇವೆ. ಕತ್ತಲಾದ ಮೇಲೆ ಬರುವ ಸಣ್ಣ ನುಸಿಗೆ ಗಾಳಿ ಆಗದು, ಅದಕ್ಕೆ ಒಂದು ಹಳೇ ಫ್ಯಾನ್ ಇಟ್ಟೆವು. ಗಾಯ ಒಣಗಿದ ಮೇಲೆ ಕಿವಿಯ ಹಾಳೆಗೆ ತೆಳ್ಳಗೆ ವ್ಯಾಸಲೀನ್ ಸವರಬಹುದು ಅಂದಿದ್ದರು ಡಾಕ್ಟರಮ್ಮ. ಕಿವಿಯೊಳಗಿನ ಕೂದಲನ್ನು ಮಾತ್ರ ಮುಟ್ಟಬೇಡಿ ಅಂದರು. ಅಂದಕ್ಕೆ ಅಂತ ಅದನ್ನು ಬೋಳಿಸುವವರಿದ್ದಾರೆ. ನೊಣ, ಧೂಳು ತಡೆಯೋಕೆ ಕುದುರೆಗೆ ಇರೋದೇ ಆ ಕೂದಲು.

ಕಿವಿಯಲ್ಲಿ ನೊಣ ಕೂರದ ಹಾಗೆ ಟೊಪ್ಪಿಗೆ ಹೊಲಿದವರು ಅತ್ತೆ. ಹಳೇ ಸೊಳ್ಳೆಪರದೆ ಕತ್ತರಿಸಿ ಎರಡು ಕೋನ್ ಮಾಡಿದರು, ಕಡಲೆಕಾಯಿ ಪೊಟ್ಟಣದ ಹಾಗೆ. ಹಣೆಗೆ ಬರುವ ಪಟ್ಟಿಗೆ ಮಾವನ ಪಂಚೆಯ ಅಂಚು. ಮೊದಲನೆಯದು ಬಿಗಿಯಾಯಿತು. ಎರಡನೆಯದರಲ್ಲಿ ಕಿವಿ ತಿರುಗಿಸೋಕೆ ಜಾಗ ಸಾಲಲಿಲ್ಲ. "ಕಿವಿ ಆಡ್ದಿದ್ರೆ ಅದು ಕುದ್ರೆ ಹೆಂಗಾತದೆ" ಅಂತ ಮೂರನೆಯದು ಹೊಲಿದರು. ಅವರ ಮಾತು ನಿಜ. ಒಂದೊಂದು ಕಿವಿಯನ್ನೂ ಹಲವಾರು ಸ್ನಾಯುಗಳು ಆಡಿಸುತ್ತವೆ. ಎರಡೂ ಕಿವಿ ಬೇರೆ ಬೇರೆ ದಿಕ್ಕಿಗೆ ತಿರುಗಬಲ್ಲವು. ನಮಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ಕುದುರೆಗೆ 33,000 ದಾಟಿ ಕೇಳುತ್ತದೆ. ನಾವು ಕೇಳದ ಎಷ್ಟೋ ಸದ್ದುಗಳಿಗೆ ಅವಳ ಕಿವಿ ಅತ್ತಿತ್ತ ತಿರುಗುತ್ತಿರುತ್ತದೆ. ಅಂಥ ಕಿವಿಯನ್ನು ನಾವು ತಿರುಚಿ ಹಿಡಿದಿದ್ದೆವು.

ಟೊಪ್ಪಿಗೆ ತಯಾರಾಯಿತು. ಹಾಕೋದು ಹೇಗೆ? ಅವಳು ಕಿವಿ ಹತ್ತಿರ ಕೈ ಬರೋಕೇ ಬಿಡುತ್ತಿರಲಿಲ್ಲ.

ಚಾಚಾಗೆ ಫೋನ್ ಮಾಡಿದೆ. ತಿರುಚಿದ್ದನ್ನು ಹೇಳಲೇಬೇಕಿತ್ತು. ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ "ಹುರುಳಿ ತಿಂತಾ ಇದಾಳಾ?" ಅಂದರು. ತಿಂತಾಳೆ ಅಂದೆ. "ಹಾಗಾದ್ರೆ ಆಗುತ್ತೆ ಬಿಡಿ. ಟೈಮ್ ತಗೊಳ್ಳುತ್ತೆ." ಮುಖದ ಪಟ್ಟಿಯನ್ನು ಕಿವಿಯ ಮೇಲೆ ತೂರಿಸಬೇಡಿ, ಬಕಲ್ ಬಿಚ್ಚಿ ಕಿವಿಯ ಹಿಂದಿನಿಂದ ತಂದು ಕಟ್ಟಿ ಅಂತ ಹೇಳಿಕೊಟ್ಟರು. ಇಷ್ಟು ವರ್ಷವೂ ಅವರು ಹಾಗೇ ಕಟ್ಟಿದ್ದು. ಪ್ಯಾಸೆಂಜರ್ ಕಾಯುತ್ತಾ ಇದ್ದರೂ ಹಾಗೇ.

ಮೊದಲ ವಾರ ನಾನು ಭುಜ ದಾಟಲಿಲ್ಲ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಭುಜದ ಮೇಲೆ ಕೈ ಇಟ್ಟು, ಅವಳು ಸರಿಯುವ ಮೊದಲೇ ತೆಗೆಯುವುದು. ಎಲ್ಲಾ ಗುಟ್ಟು ಅಲ್ಲೇ ಇದೆ ಅಂತ ಡಾಕ್ಟರಮ್ಮ ಹೇಳಿದ್ದರು. ಅವಳು ತಲೆ ಎಳೆದುಕೊಂಡ ಮೇಲೆ ಕೈ ತೆಗೆದರೆ, ಎಳೆದುಕೊಂಡರೆ ಬಿಡುತ್ತಾರೆ ಅಂತ ಕಲಿಯುತ್ತಾಳೆ. ಸುಮ್ಮನೆ ನಿಂತಿರುವಾಗಲೇ ತೆಗೆದರೆ, ಈ ಕೈ ಬರುತ್ತೆ, ತಾನಾಗೇ ಹೋಗುತ್ತೆ ಅಂತ ಕಲಿಯುತ್ತಾಳೆ. ಕೇಳೋಕೆ ಸುಲಭ. ಮಾಡುವಾಗ ನನ್ನ ಕೈ ಒಂದು ಕ್ಷಣ ಜಾಸ್ತಿ ನಿಂತುಬಿಡುತ್ತಿತ್ತು. ಇನ್ನೊಂದು ಅಂಗುಲ ಹೋಗೋಣ ಅನ್ನುವ ಆಸೆ. ಆ ಒಂದು ಅಂಗುಲಕ್ಕೆ ಎರಡು ದಿನ ಹಿಂದಕ್ಕೆ ಹೋಗುತ್ತಿದ್ದೆವು.

ಎರಡನೇ ವಾರ ಕತ್ತು, ಜೂಲು. ಕೈಯ ಹಿಂಭಾಗದಿಂದ ಸವರಿದರೆ ಅವಳಿಗೆ ಅಷ್ಟು ಭಯ ಇರಲಿಲ್ಲ. ಹಿಡಿಯುವ ಕೈ ಅಲ್ಲ ಅಂತ ಗೊತ್ತಾಗುತ್ತಿತ್ತೋ ಏನೋ. ಮೂರನೇ ವಾರ ಕಿವಿಯ ಬುಡದ ಹಿಂದೆ, ಪಟ್ಟಿ ಕೂರುವ ಜಾಗದಲ್ಲಿ, ಒಂದು ಬೆರಳು. ಅಲ್ಲಿ ಹಳೇ ತುರಿಕೆ ಇತ್ತು ಅಂತ ಕಾಣುತ್ತದೆ. ಕೆರೆದಾಗ ಕೆಳತುಟಿ ಸಡಿಲವಾಯಿತು. ತಲೆ ಎರಡು ಅಂಗುಲ ಇಳಿಯಿತು. ನಾನು ಕೈ ತೆಗೆದೆ. ಅವಳು ತಲೆ ತಿರುಗಿಸಿ ನನ್ನ ಕೈ ಎಲ್ಲಿ ಹೋಯಿತು ಅಂತ ನೋಡಿದಳು. ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಕೂಗಿ ಕರೆಯುತ್ತಿದ್ದೆ.

ಟೊಪ್ಪಿಗೆ ತಲೆಗೆ ಏರಿದ್ದು ನಲವತ್ತೊಂದನೇ ದಿನ. ಅದಕ್ಕೆ ಮೊದಲು ಒಂದು ವಾರ ಅದು ಹುರುಳಿ ಬಕೆಟ್ಟಿನ ಅಂಚಿಗೆ ನೇತಾಡುತ್ತಿತ್ತು. ಅದರ ವಾಸನೆ, ಸದ್ದು ಎಲ್ಲಾ ಅಭ್ಯಾಸ ಆಗಲಿ ಅಂತ. ಹಾಕಿಕೊಂಡ ಚಂಪಾ ಸ್ವಲ್ಪ ಹೊತ್ತು ತಲೆ ಕೊಡವಿದಳು. ಆಮೇಲೆ ಒಂದು ಕಿವಿ ಮುಂದೆ, ಒಂದು ಕಿವಿ ಹಿಂದೆ ಮಾಡಿ ನೋಡಿದಳು. ಎರಡೂ ತಿರುಗಿದವು. ಮೇಯೋಕೆ ಹೋದಳು. ಅತ್ತೆ ಜಗಲಿ ಮೇಲೆ ಕೂತು ನೋಡುತ್ತಿದ್ದರು. ನಾಲ್ಕನೆಯ ಟೊಪ್ಪಿಗೆಗೆ ಬೇರೆ ಬಣ್ಣದ ಅಂಚು ಹುಡುಕಿ ಕೊಡು ಅಂದರು.

ಮಚ್ಚೆಗಳು ಈಗಲೂ ಇವೆ. ಕೆರೆದ ಜಾಗದಲ್ಲಿ ಮತ್ತೆ ಬಿಳಿ ಪೊರೆ ಬಂದು ಮೊದಲಿನ ಹಾಗೇ ಆಗಿದೆ. ಕಪ್ಪು ಚೂರುಗಳು ಮಾತ್ರ ಇಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಬಿಸಿಲಿಗೆ ನಿಲ್ಲಿಸಿ ಎರಡೂ ಕಿವಿ ನೋಡುತ್ತೇನೆ. ದೊಡ್ಡದಾಗಿದೆಯಾ, ಗಂಟು ಕಟ್ಟಿದೆಯಾ, ಹಸಿ ಆಗಿದೆಯಾ ಅಂತ. ಫೋಟೋ ತೆಗೆದು ಡಾಕ್ಟರಮ್ಮನಿಗೆ ತಿಂಗಳಿಗೊಮ್ಮೆ ಕಳಿಸುತ್ತೇನೆ. ಹೋದ ಭಾನುವಾರ ಬಲಗಿವಿಯಲ್ಲಿ ಎಳ್ಳಿನಷ್ಟು ಹೊಸದೊಂದು ಕಂಡಿತು. ಸರಿಯಾಗಿ ನೋಡಬೇಕಾಗಿತ್ತು. ಅಂಗೈ ಚಾಚಿ ಕಿವಿಯ ಹಿಂದೆ ಇಟ್ಟೆ. ಚಂಪಾ ಕಿವಿಯನ್ನು ಅದರ ಮೇಲೆ ಒರಗಿಸಿದಳು. ಬೆಚ್ಚಗಿತ್ತು, ಸಣ್ಣ ಸಣ್ಣ ಕೂದಲು ಅಂಗೈಗೆ ತಾಗುತ್ತಿತ್ತು. ನಾಲೆ ಕಡೆ ಯಾರೋ ಮೋಟಾರು ಶುರು ಮಾಡಿದರು. ಕಿವಿ ನನ್ನ ಕೈಯಿಂದ ಮೆಲ್ಲಗೆ ಆ ಕಡೆ ತಿರುಗಿತು.